ಬಿಸಿ ಕಟ್ಟೆ

“ವಾಸನೆ ಬಂದ್ರೆ ಮೂಗು ಬಿಚ್ಚಿ ಜೇಬಲ್ಲಿ ಇಟ್ಕೋ! ನಿನ್ನ ಒಂದು ಮೂಗಿಗೋಸ್ಕರ ನನ್ನ ಗುಡ್ಡೆ ಎತ್ತಿಸೋಕಾಗಲ್ಲ!”

“ಅತ್ತಿಗೆ, ಸ್ವಲ್ಪ ಮೆಲ್ಲಗೆ. ರಸ್ತೆಗೆಲ್ಲ ಕೇಳ್ತಿದೆ.”

“ಕೇಳ್ಲಿ! ರಸ್ತೆಯವರಿಗೂ ಗೊತ್ತಾಗ್ಲಿ! ಇದೇ ಗೊಬ್ಬರ ತಿಂದು ಬೆಳೆದ ಬದನೆಕಾಯನ್ನ ಚೀಲ ತುಂಬ್ಕೊಂಡು ಹೋಗ್ತೀಯಲ್ಲ, ಆಗ ನಿನ್ನ ಮೂಗು ರಜಾ ಹಾಕಿರುತ್ತಾ?”

“ಬದನೆಕಾಯಿ ವಿಷಯ ಬೇರೆ, ಗುಡ್ಡೆ ವಿಷಯ ಬೇರೆ.”

“ಬೇರೆ ಅಂತೆ! ಮಗು ಬೇಕು, ತಾಯಿ ಬೇಡ ಅನ್ನೋ ಮಾತಾಯ್ತು!”

ಅತ್ತಿಗೆ ಕೈಯಲ್ಲಿದ್ದ ಸಲಿಕೆಯನ್ನು ನೆಲಕ್ಕೆ ಕುಕ್ಕಿದಳು. ಅದು ಮೈದುನನ ಕಾಲ್ಬೆರಳಿನಿಂದ ಗೇಣು ದೂರದಲ್ಲಿ ನೆಟ್ಟು ನಿಂತಿತು. ಮೈದುನ ಕಾಲನ್ನು ಹಿಂದಕ್ಕೆ ಎಳೆದುಕೊಂಡನೇ ಹೊರತು ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆ, ತೋಟದ ವಾರದ ಸಭೆ. ಸಭೆ ಅಂದರೆ ಗೊತ್ತಲ್ಲ, ಕೆಲಸ ಮಾಡದವರು ಕೆಲಸ ಮಾಡಿದವರಿಗೆ ಬುದ್ಧಿ ಹೇಳುವ ಜಾಗ. ಎರಡು ನಾಲ್ಕಂತಸ್ತಿನ ಕಟ್ಟಡಗಳ ನಡುವೆ, ಹಿಂದೆ ಒಂದು ಗೋದಾಮು ಕುಸಿದು ಬಿದ್ದ ಜಾಗವದು. ಉದ್ದ ನಲವತ್ತು ಹೆಜ್ಜೆ, ಅಗಲ ಇಪ್ಪತ್ತು. ನಗರಸಭೆಯ ಆಸ್ತಿ. ಮೂರು ವರ್ಷದ ಹಿಂದೆ ಅಕ್ಕಪಕ್ಕದ ಮನೆಯವರು ಸೇರಿ, ಇಟ್ಟಿಗೆ ಚೂರು, ಒಡೆದ ಕಮೋಡು, ಹರಿದ ಹಾಸಿಗೆ ಎಲ್ಲ ಹೊತ್ತು ಹಾಕಿ ಅಲ್ಲಿ ತೋಟ ಮಾಡಿದ್ದರು. ಯಾರಿಗೂ ಸಂಬಳವಿಲ್ಲ, ಯಾರೂ ಯಜಮಾನರಲ್ಲ. ಯಜಮಾನ ಇಲ್ಲ ಅಂದಮೇಲೆ ಬಂದವರೆಲ್ಲ ಯಜಮಾನರೇ.

ಅತ್ತಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಅಡುಗೆಯವಳು. ದಿನಕ್ಕೆ ಮುನ್ನೂರು ಜನಕ್ಕೆ ಬೇಯಿಸಿ ಹಾಕುವ ಕೈ, ಐದು ಹಂಡೆಗಳ ಸದ್ದನ್ನು ಮೀರಿ ಕೇಳಿಸುವ ಗಂಟಲು. ಅವಳನ್ನು ನಿಜವಾಗಿ ಅತ್ತಿಗೆ ಅನ್ನಬೇಕಾದವನು ಒಬ್ಬನೇ, ಗಂಡನ ತಮ್ಮ. ಆದರೆ ಅವನು ದಿನಕ್ಕೆ ಇಪ್ಪತ್ತು ಸಲ ಮಹಡಿಯಿಂದ ‘ಅತ್ತಿಗೆ’ ಅಂತ ಕೂಗುವುದನ್ನು ಕೇಳಿ ಕೇಳಿ ಇಡೀ ಬೀದಿಗೇ ಅವಳು ಅತ್ತಿಗೆಯಾಗಿದ್ದಳು. ಬೆನ್ನ ಹಿಂದೆ ಮಾತ್ರ ‘ಗುಡ್ಡೆ ಅತ್ತಿಗೆ’.

ಗುಡ್ಡೆ ಅಂದರೆ ಗೊಬ್ಬರದ ಗುಡ್ಡೆ. ತೋಟದ ಮೂಲೆಯಲ್ಲಿ ಮಂಚದುದ್ದ, ತೊಡೆಯೆತ್ತರ ಇತ್ತು. ಆಸ್ಪತ್ರೆಯ ತರಕಾರಿ ಸಿಪ್ಪೆ, ರಸ್ತೆ ಬದಿಯ ಒಣಗಿದೆಲೆ, ಬಡಗಿ ಕೊಟ್ಟ ಮರದ ಪುಡಿ, ಕಟಿಂಗ್ ಶಾಪಿನವನು ವಾರಕ್ಕೊಂದು ಚೀಲ ತಂದು ಸುರಿಯುವ ಕೂದಲು, ಎಲ್ಲ ಪದರ ಪದರವಾಗಿ. ಹತ್ತು ದಿನಕ್ಕೊಮ್ಮೆ ಅತ್ತಿಗೆಯೇ ಸಲಿಕೆ ಹಿಡಿದು ಅದನ್ನು ಅಡಿಮೇಲು ಮಾಡುತ್ತಿದ್ದಳು. ಮಗುಚಿದ ಮೂರನೇ ದಿನಕ್ಕೆ ಗುಡ್ಡೆ ಒಳಗಿನಿಂದ ಕಾಯುತ್ತಿತ್ತು. ಪಕ್ಕದಿಂದ ನಡುವಿನವರೆಗೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟಿದ್ದಳು. ಅದನ್ನು ಎಳೆದು ಅಂಗೈಯಲ್ಲಿ ಹಿಡಿದರೆ ಹತ್ತು ಎಣಿಸುವುದರೊಳಗೆ ಕೈ ಬಿಡಬೇಕು, ಹಾಗಿದ್ದರೆ ಗುಡ್ಡೆ ಚೆನ್ನಾಗಿದೆ ಎಂದರ್ಥ. “ಆಸ್ಪತ್ರೇಲಿ ಜ್ವರ ಇಳಿಸ್ತಾರೆ, ನಾನು ಇಲ್ಲಿ ಏರಿಸ್ತೀನಿ” ಅನ್ನುತ್ತಿದ್ದಳು.

ಇಪ್ಪತ್ತಾರು ವರ್ಷದಿಂದ ಅವಳು ಅಡುಗೆ ಮಾಡುತ್ತಿದ್ದಳು. ಮಾಡಿದ್ದು ಮಧ್ಯಾಹ್ನ ಎರಡರೊಳಗೆ ಖಾಲಿ. ಚೆನ್ನಾಗಿದೆ ಅಂದವರು ಒಬ್ಬರಿಲ್ಲ. ಕಾಯಿಲೆಯವರ ನಾಲಗೆಗೆ ಅಮೃತವೂ ಕಹಿಯೇ. ತಾನು ಮಾಡಿದ್ದರಲ್ಲಿ ಮಾರನೆಯ ದಿನವೂ ಇರುವಂಥದ್ದು ಅಂದರೆ ಈ ಗುಡ್ಡೆಯೊಂದೇ. ಅದನ್ನು ಎತ್ತಿಸಿಬಿಡೋಣ ಅಂದರೆ ಅವಳಿಗೆ ನೆತ್ತಿಗೇರದೆ ಇನ್ನೇನಾದೀತು?

ಎತ್ತಿಸೋಣ ಅಂದವನು ಮೈದುನ. ಅವನು ಸರ್ಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕಡತ ಕಟ್ಟಿ ನಿವೃತ್ತನಾದವನು. ನಿವೃತ್ತಿಯಾದ ಮಾರನೆಯ ದಿನವೇ ತೋಟದ ಕಾರ್ಯದರ್ಶಿಯಾದ. ಬೇರೆ ಯಾರೂ ಆಗಲೊಲ್ಲೆ ಅಂದರು, ಅಷ್ಟೇ. ಬಂದವನೇ ಎಲ್ಲಕ್ಕೂ ಚೀಟಿ ಕಟ್ಟಿದ. ಬದನೆಗೆ ‘ಬದನೆ’. ಟೊಮೆಟೊಗೆ ‘ಟೊಮೆಟೊ’. ಅದು ಸರಿ. ನಲ್ಲಿಗೆ ‘ನಲ್ಲಿ’ ಅಂತ, ಬಕೆಟ್ಟಿಗೆ ‘ಬಕೆಟ್’ ಅಂತ, ಗೇಟಿಗೆ ಒಳಗಡೆ ‘ಗೇಟು’, ಹೊರಗಡೆಯೂ ‘ಗೇಟು’. ಕೈಗೆ ಸಿಕ್ಕಿದ್ದರೆ ಗುಬ್ಬಿಯ ಕಾಲಿಗೂ ಕಟ್ಟುತ್ತಿದ್ದ. ಕಾಗದದಲ್ಲಿ ಬರೆದದ್ದು ನಿಜ, ಬರೆಯದೇ ಇರುವುದು ಗಾಳಿಮಾತು ಅನ್ನುವ ಜಾತಿಯ ಮನುಷ್ಯ.

ಈಗ ಅವನಿಗೂ ಒಂದು ಕಾರಣವಿತ್ತು. ನಗರಸಭೆ ಕೊಟ್ಟ ಮೂರು ವರ್ಷದ ಅನುಮತಿ ಈ ತಿಂಗಳಿಗೆ ಮುಗಿಯುತ್ತಿತ್ತು. ಗುರುವಾರ ಇನ್‌ಸ್ಪೆಕ್ಟರ್ ಬರುವವರಿದ್ದರು. ಅವರು ಚೆನ್ನಾಗಿದೆ ಅಂತ ಬರೆದರೆ ಇನ್ನೈದು ವರ್ಷ ತೋಟ. ಇಲ್ಲದಿದ್ದರೆ ಬೈಕು ನಿಲ್ಲಿಸುವ ಜಾಗ.

“ಮೂಲೇಲಿ ಆವಿ ಬಿಡ್ತಾ ಕೂತಿರೋ ಕಸದ ರಾಶಿ ನೋಡಿದ್ರೆ ಆ ಮನುಷ್ಯ ಏನ್ ಬರೀತಾನೆ ಹೇಳಿ ಅತ್ತಿಗೆ,” ಅಂದ ಮೈದುನ. “ಬುಧವಾರ ಲಾರಿ ಕರೆಸ್ತೀನಿ. ಮುಗೀತು.”

“ಲಾರಿ ಒಳಗೆ ಬರ್ಲಿ, ನಾನು ಗುಡ್ಡೆ ಮೇಲೆ ಮಲಗಿರ್ತೀನಿ. ನನ್ನನ್ನೂ ಸೇರಿಸಿ ಎತ್ಕೊಂಡು ಹೋಗ್ಲಿ.”

“ಅಣ್ಣ, ನೀನಾದ್ರೂ ಹೇಳೋ,” ಮೈದುನ ತಿರುಗಿದ.

ಅಣ್ಣ ಅಂದರೆ ಅತ್ತಿಗೆಯ ಗಂಡ. ಗಡಿಯಾರ ರಿಪೇರಿ ಮಾಡುವವನು. ಅವನಿಗೆ ಒಂದು ಕಿವಿ ಮಂದ. ಯಾವ ಕಿವಿ ಅನ್ನುವುದು ಆಯಾ ಸಂದರ್ಭಕ್ಕೆ ತಕ್ಕ ಹಾಗೆ. ಹೆಂಡತಿ ಬೈಯುವಾಗ ಎಡಗಿವಿ, ಗಿರಾಕಿ ಬೈಯುವಾಗ ಬಲಗಿವಿ. ತಮ್ಮ ಏನಾದರೂ ಹೇಳಿದರೆ ಮಾತ್ರ ಎರಡೂ ಚೆನ್ನಾಗಿ ಕೇಳುತ್ತಿದ್ದವು. ತಮ್ಮ ಓದಿದವನು ಅಂತ ಚಿಕ್ಕಂದಿನಿಂದ ಅವನಿಗೊಂದು ಗೌರವ.

“ನೋಡೇ,” ಅಂದ ಅವನು ಮೆಲ್ಲಗೆ, “ಅವನು ಹೇಳೋದ್ರಲ್ಲೂ ಏನೋ ಒಂದು...”

“ರೀ, ಬಾಯಿ ಮುಚ್ಚಿ.”

ಮುಚ್ಚಿದ.

ಆಗ ಎದ್ದು ನಿಂತವಳು ಹಲ್ಲಿನ ಡಾಕ್ಟ್ರಮ್ಮ. ಮೂಲೆ ಕಟ್ಟಡದ ಕೆಳಗೆ ಅವಳ ಕ್ಲಿನಿಕ್ಕು. ಎಂಥ ಜಗಳವಾದರೂ ಅವಳ ಹತ್ತಿರ ಒಂದೇ ಮದ್ದು. “ಸ್ವಲ್ಪ ಹೊತ್ತು ಅಷ್ಟೇ ಅತ್ತಿಗೆ, ನೋವಾಗಲ್ಲ” ಅನ್ನುತ್ತಾ ಶುರು ಮಾಡಿದಳು. “ಗುಡ್ಡೆ ಎತ್ತೋದು ಬೇಡ. ಮುಚ್ಚೋಣ. ನಮ್ಮ ಕ್ಲಿನಿಕ್ಕಿನ ಹಳೇ ತಗಡಿನ ಬಾಗಿಲು ಇದೆ, ಅದನ್ನ ಮೇಲೆ ಹಾಸೋಣ. ಸುತ್ತ ನಾಲ್ಕು ಹಲಗೆ. ಮೇಲೊಂದು ಕಾರ್ಪೆಟ್ ಹೊದಿಸಿದ್ರೆ ಕಟ್ಟೆ ಥರ ಕಾಣುತ್ತೆ. ಗುರುವಾರ ಕಳೀತಿದ್ದ ಹಾಗೇ ತೆಗೆದುಬಿಡೋಣ. ಒಂದೇ ದಿನ.”

“ಹಾವೂ ಸಾಯ್ತು, ಕೋಲೂ ಮುರೀಲಿಲ್ಲ,” ಅಂದ ಕಟಿಂಗ್ ಶಾಪಿನವನು. ಅವನು ಅತ್ತಿಗೆಯ ಕಡೆಯವನು. ಕೂದಲು ಎಸೆಯುವುದಕ್ಕೆ ಬೇರೆ ಜಾಗ ಇಲ್ಲದ್ದರಿಂದ ಗಟ್ಟಿಯಾಗಿಯೇ ಅವಳ ಕಡೆಯವನು.

ಅತ್ತಿಗೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. “ಒಂದೇ ದಿನ. ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೀಬೇಕು. ಇಲ್ಲಾಂದ್ರೆ ಆ ಬಾಗಿಲು ಯಾರ ತಲೆ ಮೇಲೆ ಬೀಳುತ್ತೋ ನಾನು ಹೇಳಲ್ಲ.”

ಸೋಮವಾರ ಅವಳು ಗುಡ್ಡೆಯನ್ನು ಚೆನ್ನಾಗಿ ಮಗುಚಿ ನೀರು ಚಿಮುಕಿಸಿದಳು. ಬುಧವಾರ ಸಂಜೆ ನಾಲ್ವರು ಸೇರಿ ಬಾಗಿಲು ಹೊತ್ತು ತಂದು ಮಲಗಿಸಿದರು. ಬಾಗಿಲಿಗೆ ಇನ್ನೂ ಹಿಡಿ ಇತ್ತು, ‘ತಟ್ಟಿ ಒಳಗೆ ಬನ್ನಿ’ ಅನ್ನುವ ಬರಹವೂ ಇತ್ತು. ಅದರ ಮೇಲೆ ಡಾಕ್ಟ್ರಮ್ಮನ ಕ್ಲಿನಿಕ್ಕಿನ ಹಳೇ ಕಾರ್ಪೆಟ್ಟು ಬಂತು. ಹಲ್ಲುನೋವಿನವರು ಕಾಲು ಉಜ್ಜಿ ಉಜ್ಜಿ ನಡುವೆ ಸವೆದದ್ದು. ಮೈದುನ ದೂರ ನಿಂತು ನೋಡಿ, ಜೇಬಿನಿಂದ ಚೀಟಿ ತೆಗೆದು ‘ಕಟ್ಟೆ’ ಅಂತ ಬರೆದು ಅಂಟಿಸಿದ.

ಗುರುವಾರ ಚಳಿಯೆಂದರೆ ಹಲ್ಲು ಕಟಕಟ ಅನ್ನುವ ಚಳಿ. ಇನ್‌ಸ್ಪೆಕ್ಟರ್ ಸ್ಕೂಟರಿನಿಂದ ಇಳಿದದ್ದೇ ಮೂರು ಕಂತಿನಲ್ಲಿ. ಮೊದಲು ಒಂದು ಕಾಲು, ಆಮೇಲೆ ಒಂದು ‘ಅಯ್ಯಪ್ಪಾ’, ಆಮೇಲೆ ಇನ್ನೊಂದು ಕಾಲು. ಸೊಂಟಕ್ಕೆ ಕೈ ಕೊಟ್ಟುಕೊಂಡು ಗೇಟಿನೊಳಗೆ ಬಂದರು. ಮೈದುನ ನಲವತ್ತಾರು ಚೀಟಿಗಳನ್ನು ಹಿಂದಿನ ದಿನವಷ್ಟೇ ಹೊಸದಾಗಿ ಬರೆದಿದ್ದ.

“ಸಾರ್, ಇಲ್ಲಿಂದ ಶುರು ಮಾಡೋಣ. ಇದು ಬದನೆ...”

“ಒಂದು ನಿಮಿಷ ಕೂತ್ಕೋತೀನಪ್ಪ,” ಅಂದರು ಇನ್‌ಸ್ಪೆಕ್ಟರ್. ಎದುರಿಗೆ ಕಂಡದ್ದು ಕಟ್ಟೆ. ಕೂತರು.

ಅತ್ತಿಗೆ ಉಸಿರು ಬಿಗಿಹಿಡಿದಳು. ಮೈದುನ ಕಣ್ಣು ಮುಚ್ಚಿದ.

ಇನ್‌ಸ್ಪೆಕ್ಟರ್ ಒಂದು ಸಲ ಅತ್ತ ಸರಿದರು, ಒಂದು ಸಲ ಇತ್ತ ಸರಿದರು. ಆಮೇಲೆ ಅವರ ಮುಖದಲ್ಲಿ, ಹಸಿದ ಕೂಸಿಗೆ ಹಾಲು ಸಿಕ್ಕಿದಾಗ ಬರುತ್ತದಲ್ಲ, ಅಂಥ ಕಳೆ ಬಂತು.

“ಏನ್ರೀ ಇದು! ಬಿಸಿಯಾಗಿದೆ! ಕೆಳಗೆ ಕರೆಂಟಿನದ್ದೇನಾದ್ರೂ ಇಟ್ಟಿದ್ದೀರಾ?”

“ಇಲ್ಲ ಸಾರ್, ಅದು ಒಂಥರಾ... ನೈಸರ್ಗಿಕವಾಗಿ...” ಮೈದುನ ತೊದಲಿದ.

“ಗೊಬ್ಬರ ಸಾರ್,” ಅಂದಳು ಅತ್ತಿಗೆ. ಅವಳಿಗೆ ಅಡ್ಡಗೋಡೆ ಮೇಲೆ ದೀಪ ಇಡುವ ಅಭ್ಯಾಸವಿರಲಿಲ್ಲ. “ಆಸ್ಪತ್ರೆ ಸಿಪ್ಪೆ, ಕಟಿಂಗ್ ಶಾಪಿನ ಕೂದಲು. ಸೋಮವಾರ ಮಗುಚಿದ್ದೀನಿ, ಈಗ ಕುದೀತಿದೆ.”

ಮೈದುನನ ಮುಖ ಬಿಳಿಚಿತು. ಇನ್‌ಸ್ಪೆಕ್ಟರ್ ಯೋಚಿಸಿದರು. ಏಳಬೇಕು ಅಂತ ಒಮ್ಮೆ ಕೈ ಊರಿದರು. ಏಳಲಿಲ್ಲ.

“ಇರ್ಲಿ ಬಿಡಿ,” ಅಂದರು. “ಸೊಂಟಕ್ಕೇನು ಕಣ್ಣಿದೆಯಾ?”

ಒಂದೂ ಕಾಲು ಗಂಟೆ ಕೂತರು. ಎಂಟು ವರ್ಷದ ಸೊಂಟನೋವಿನ ಕಥೆ ಹೇಳಿದರು: ನೋಡಿದ ಡಾಕ್ಟರುಗಳು, ಹಚ್ಚಿದ ಎಣ್ಣೆಗಳು, ಕಟ್ಟಿದ ಬೆಲ್ಟುಗಳು. ಬದನೆ ನೋಡಲಿಲ್ಲ. ನಲವತ್ತಾರು ಚೀಟಿಗಳಲ್ಲಿ ನಲವತ್ತೈದನ್ನು ನೋಡಲಿಲ್ಲ. ಕೂತಲ್ಲೇ ವರದಿ ಬರೆದು ಸಹಿ ಹಾಕಿದರು. ಎದ್ದಾಗ ಕೈ ಸೊಂಟದ ಮೇಲಿರಲಿಲ್ಲ. “ಬರೋ ವಾರದಿಂದ ಪ್ರತಿ ಶುಕ್ರವಾರ ಬಂದು ಪರಿಶೀಲನೆ ಮಾಡ್ತೀನಿ” ಅಂದು, ಸ್ಕೂಟರನ್ನು ಒಂದೇ ಕಂತಿನಲ್ಲಿ ಹತ್ತಿ ಹೋದರು.

ವರದಿಯಲ್ಲಿ ಐದು ವರ್ಷ ಅಂತ ಬರೆದಿತ್ತು. ತೋಟದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಡಾಕ್ಟ್ರಮ್ಮ ಅತ್ತಿಗೆಯನ್ನು ತಬ್ಬಿಕೊಂಡಳು. ಕಟಿಂಗ್ ಶಾಪಿನವನು “ಐದು ವರ್ಷ ಕೊಡಿಸಿದ್ದು ನನ್ನ ಅಂಗಡಿ ಕೂದಲು” ಅಂತ ಬೀದಿಯಲ್ಲಿ ಸಾರುತ್ತಾ ಹೋದ. ಅತ್ತಿಗೆ ಮೈದುನನ ಎದುರಿಗೆ ನಿಂತು, “ಏನಪ್ಪಾ ಸೆಕ್ರೆಟರಿ ಸಾಹೇಬ, ಲಾರಿ ಕರೆಸ್ತೀಯಾ?” ಅಂತ ಕೇಳಿದಳು. ಅವನು ವರದಿಯ ಕೊನೆಯ ಸಾಲನ್ನು ಎರಡನೇ ಸಲ ಓದುತ್ತಿದ್ದ.

ಆ ಕೊನೆಯ ಸಾಲು ಏನಂತ ಅತ್ತಿಗೆಗೆ ತಿಳಿದದ್ದು ಮಾರನೆಯ ದಿನ ಬೆಳಿಗ್ಗೆ. ಮಾತಿನ ಪ್ರಕಾರ ಬಾಗಿಲು ತೆಗೆಯಲು ಅವಳು ಬಂದಾಗ ಮೈದುನ ಆಗಲೇ ಕಟ್ಟೆಯ ಮುಂದೆ ಕಡತ ಹಿಡಿದು ನಿಂತಿದ್ದ.

“ಮುಟ್ಟೋ ಹಾಗಿಲ್ಲ ಅತ್ತಿಗೆ. ಓದ್ತೀನಿ, ಕೇಳಿ. ‘ಬಿಸಿ ಕಟ್ಟೆಯನ್ನು ಇದ್ದ ಸ್ಥಿತಿಯಲ್ಲೇ ಕಾಪಾಡಿಕೊಂಡು ಬರತಕ್ಕದ್ದು.’ ಸಹಿ ಇದೆ, ಮೊಹರು ಇದೆ. ಇದ್ದ ಸ್ಥಿತಿಯಲ್ಲೇ ಅಂದ್ರೆ ಬಾಗಿಲೂ ತೆಗಿಯಂಗಿಲ್ಲ, ಸಲಿಕೆನೂ ಹಾಕಂಗಿಲ್ಲ.”

ಅತ್ತಿಗೆಗೆ ನಗು ಬಂತು. “ಅಯ್ಯೋ ಮಂಕೇ! ಮಗುಚಿದ್ರೇನೇ ಅದು ಬಿಸಿಯಾಗೋದು. ಗಾಳಿ ಬೇಕು, ಹೊಸ ಸಿಪ್ಪೆ ಬೇಕು. ಇದ್ದ ಹಾಗೇ ಬಿಟ್ರೆ ಎರಡೇ ವಾರ, ತಣ್ಣಗಾಗುತ್ತೆ. ತಣ್ಣಗಾದ್ಮೇಲೆ ನಾರುತ್ತೆ. ಒಲೆ ಮೇಲಿರೋ ಅನ್ನ ಇದ್ದ ಸ್ಥಿತೀಲೇ ಇರ್ಲಿ ಅಂದ್ರೆ ಇರುತ್ತಾ?”

“ಅದೆಲ್ಲ ನಿಮ್ಮ ಅಡುಗೆಮನೆ ಲೆಕ್ಕ. ಇದು ದಾಖಲೆ.”

“ಆ ಇನ್‌ಸ್ಪೆಕ್ಟರಿಗೆ ಹೇಳಿ ಆ ಸಾಲು ಹೊಡೆದು ಹಾಕ್ಸು.”

“ಸಹಿ ಆದ ಕಾಗದಾನ ತಿದ್ದೋದಾ?” ಮೈದುನ ಕಡತವನ್ನು ಎದೆಗೆ ಅವಚಿಕೊಂಡ. ಮೂವತ್ತನಾಲ್ಕು ವರ್ಷದಲ್ಲಿ ಅವನ ಕಿವಿಗೆ ಇದಕ್ಕಿಂತ ಹೊಲಸು ಮಾತು ಬಿದ್ದಿರಲಿಲ್ಲ. “ಅನುಮತಿ ಪತ್ರ ಇನ್ನೂ ಕೈಗೆ ಬಂದಿಲ್ಲ ಅತ್ತಿಗೆ. ಅದು ಬರೋವರೆಗಾದ್ರೂ ಸುಮ್ನಿರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಗಂಡ ಅಂದ, “ಪತ್ರ ಬರೋವರೆಗೆ ತಾನೇ ಕಣೇ.” ಡಾಕ್ಟ್ರಮ್ಮ ಅಂದಳು, “ಸ್ವಲ್ಪ ಹೊತ್ತು ಅಷ್ಟೇ, ನೋವಾಗಲ್ಲ.” ತೋಟ ಉಳಿಯಬೇಕಲ್ಲ ಅಂತ ಅತ್ತಿಗೆ ಹಲ್ಲು ಕಚ್ಚಿದಳು. ಆಸ್ಪತ್ರೆಯಿಂದ ತಂದ ಸಿಪ್ಪೆಯ ಚೀಲಗಳನ್ನು ಗೋಡೆಗೆ ಒರಗಿಸಿಟ್ಟಳು. ಚೀಲ ನಾಲ್ಕಾದವು, ಏಳಾದವು, ಹನ್ನೊಂದಾದವು. ಮೈದುನ ಪ್ರತಿಯೊಂದಕ್ಕೂ ‘ಚೀಲ’ ಅಂತ ಚೀಟಿ ಅಂಟಿಸಿದ.

ಮೊದಲನೇ ಶುಕ್ರವಾರ ಇನ್‌ಸ್ಪೆಕ್ಟರ್ ತಮ್ಮ ಕಚೇರಿಯ ಇನ್ನಿಬ್ಬರು ಸೊಂಟದವರನ್ನು ಕರೆತಂದರು. ಮೂವರೂ ಸಾಲಾಗಿ ಕೂತು ಕಣ್ಣು ಮುಚ್ಚಿಕೊಂಡರು. ಎರಡನೇ ಶುಕ್ರವಾರ ಕೂತು, ಸರಿದು, ಕಾರ್ಪೆಟ್ಟಿನ ಮೇಲೆ ಕೈಯಾಡಿಸಿ, “ಹೋದ ವಾರದಷ್ಟು ಇಲ್ವಲ್ರೀ” ಅಂದರು. ಇಬ್ಬರು ಸೊಂಟದವರು ಮುಖ ಮುಖ ನೋಡಿಕೊಂಡರು. ಒಬ್ಬ ಮೂಗಿಗೆ ಕರವಸ್ತ್ರ ಹಿಡಿದ. ಮೈದುನನಿಗೆ ಬೆವರು ಕಿತ್ತುಕೊಂಡು ಬಂತು.

ಅವರು ಹೋದಮೇಲೆ ಅತ್ತಿಗೆ ಹಲಗೆಗಳ ಸಂದಿನಿಂದ ಸರಳನ್ನು ಎಳೆದು ನೋಡಿದಳು. ಅಂಗೈಯಲ್ಲಿ ಹಿಡಿದು ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು, ಐವತ್ತು ಎಣಿಸಿದಳು. ಸರಳು ಸತ್ತವರ ಬೆರಳಿನ ಹಾಗೆ ಇತ್ತು.

“ಒಂದ್ಸಲ ಮಗುಚ್ತೀನಿ ಕಣೋ,” ಅಂದಳು. ಈ ಸಲ ಕೂಗಲಿಲ್ಲ. “ಒಂದೇ ಸಲ. ಮೂರು ದಿನಕ್ಕೆ ಕೆಂಡ ಮಾಡಿಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಾಗುತ್ತಲ್ಲ ಅತ್ತಿಗೆ,” ಅಂದ ಮೈದುನ.

ಮೂರನೇ ಶುಕ್ರವಾರ. ಬೆಳಿಗ್ಗೆ ಏಳಕ್ಕೆ ಮೈದುನ ಮಹಡಿಯಿಂದ ಇಳಿದು ಅತ್ತಿಗೆಯ ಅಡುಗೆಮನೆ ಬಾಗಿಲಲ್ಲಿ ನಿಂತ. ಬೆನ್ನು ಬಾಗಿಸಿಕೊಂಡಿದ್ದ. ಕೈಯಲ್ಲಿ ಬಿಸಿನೀರು ತುಂಬುವ ಮೂರು ರಬ್ಬರ್ ಚೀಲ.

“ಅತ್ತಿಗೆ, ಸೊಂಟ ಹಿಡ್ಕೊಂಡುಬಿಟ್ಟಿದೆ. ಸ್ವಲ್ಪ ಬಿಸಿನೀರು ಕಾಯಿಸಿ ಕೊಡ್ತೀರಾ?”

ಬೈದರೂ ಹಸಿದವನಿಗೆ, ನೊಂದವನಿಗೆ ಇಲ್ಲ ಅನ್ನುವವಳಲ್ಲ ಅವಳು. “ಮೂರು ಚೀಲ ಯಾಕೋ? ನಿನಗಿರೋದು ಒಂದೇ ಸೊಂಟ ತಾನೇ?” ಅಂತ ಗೊಣಗುತ್ತಲೇ ದೊಡ್ಡ ಪಾತ್ರೆ ಇಟ್ಟಳು. ಕುದಿಸಿದಳು. ತಾನೇ ತುಂಬಿದಳು. ಚರ್ಮ ಸುಡದಿರಲಿ ಅಂತ ತನ್ನ ಹಸಿರು ಚೌಕುಳಿಯ ಮೂರು ಟವೆಲ್ಲು ಸುತ್ತಿ ಕೊಟ್ಟಳು. “ಕಡತ ಹೊತ್ತು ಹೊತ್ತು ಆಗಿರೋದು ಇದು. ಹೋಗು, ಬೋರಲು ಮಲಗು. ಇವತ್ತು ತೋಟದ ಕಡೆ ಬರ್ಬೇಡ, ನಾನು ನೋಡ್ಕೋತೀನಿ.” ಮೈದುನ ಅವಳ ಮುಖ ನೋಡಲಾರದೆ ಮೆಟ್ಟಿಲ ಕಡೆ ನೋಡಿದ.

ಎಂಟಕ್ಕೆ ಅತ್ತಿಗೆ ಏಪ್ರನ್ ಕಟ್ಟಿಕೊಂಡು, ಆಸ್ಪತ್ರೆಗೆ ಹೋಗುವ ಮುನ್ನ ಗಿಡಕ್ಕೆ ನೀರು ಹಾಕಲು ಬಂದಳು. ನೋಡಿದರೆ ಮೈದುನ ಅಲ್ಲೇ ಇದ್ದಾನೆ, ಬೆನ್ನು ಬಿದಿರು ಕೋಲಿನ ಹಾಗೆ ನೆಟ್ಟಗಿದೆ. ಕಟ್ಟೆಯ ಮೇಲೆ ಮೂವರು ಸೊಂಟದವರು ಸುಖವಾಗಿ ಕೂತಿದ್ದಾರೆ.

“ಈಗ ಸರಿಹೋಯ್ತು ನೋಡ್ರೀ,” ಅನ್ನುತ್ತಿದ್ದರು ಇನ್‌ಸ್ಪೆಕ್ಟರ್. “ಮೊದಲಿಗಿಂತ ಚೆನ್ನಾಗಿದೆ. ಇದ್ದ ಸ್ಥಿತಿಯಲ್ಲೇ ಕಾಪಾಡಿದ್ದೀರಿ.”

“ತಮ್ಮ ಆಜ್ಞೆ ಸಾರ್,” ಅಂದ ಮೈದುನ. ಅವನ ಕೈಯಲ್ಲಿ ಇನ್‌ಸ್ಪೆಕ್ಟರ್ ಅಂದು ತಂದುಕೊಟ್ಟಿದ್ದ ಅನುಮತಿ ಪತ್ರ ಇತ್ತು.

ಅತ್ತಿಗೆಗೆ ಒಂದು ಕ್ಷಣ ಹಿಗ್ಗಾಯಿತು. ಪತ್ರ ಬಂತು! ಗುಡ್ಡೆ ತಾನಾಗಿಯೇ ಕಾವು ಹಿಡಿಯಿತೇ? ಹಾಗಾಗುವುದಿಲ್ಲವಲ್ಲ! ಹತ್ತಿರ ಹೋದಳು. ಕಾರ್ಪೆಟ್ಟಿನ ಅಂಚಿನಲ್ಲಿ, ಇನ್‌ಸ್ಪೆಕ್ಟರರ ಎಡತೊಡೆಯ ಕೆಳಗಿನಿಂದ, ಹಸಿರು ಚೌಕುಳಿಯ ಟವೆಲ್ಲಿನ ತುದಿ ಇಣುಕುತ್ತಿತ್ತು.

ಬಗ್ಗಿ ತುದಿ ಹಿಡಿದು ಒಂದೇ ಎಳೆತಕ್ಕೆ ಎಳೆದಳು. ಇನ್‌ಸ್ಪೆಕ್ಟರ್ ಪಕ್ಕದವನ ಮಡಿಲಿಗೆ ವಾಲಿದರು. ರಬ್ಬರ್ ಚೀಲ ಈಚೆ ಬಂದು, ನೆಲಕ್ಕೆ ಬಿದ್ದು ಕಪ್ಪೆಯ ಹಾಗೆ ಕುಪ್ಪಳಿಸಿತು.

“ನನ್ನ ಗುಡ್ಡೆಗೆ ನನ್ನ ಕೈಯಲ್ಲೇ ಬಿಸಿನೀರು ಕಾಯಿಸ್ಕೊಂಡೆಯಾ!” ಅಂದಳು ಮೈದುನನಿಗೆ. “ಹೆಣಕ್ಕೆ ಹೊದಿಕೆ ಹೊದಿಸಿ ನಿದ್ದೆ ಮಾಡ್ತಿದ್ದಾರೆ ಅನ್ನೋ ಹಾಗೆ! ನೋಡಿ ಸಾರ್, ಇದೇ ನಿಮ್ಮ ಬಿಸಿ ಕಟ್ಟೆ! ಗುಡ್ಡೆ ಸತ್ತು ವಾರ ಆಯ್ತು. ನೀವು ಕೂತಿರೋದು ಈ ಚೀಲದ ಮೇಲೆ!”

ಡಾಕ್ಟ್ರಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಮೈದುನ ಪತ್ರವನ್ನು ಮೆಲ್ಲಗೆ ಅಂಗಿಯೊಳಗೆ ಸೇರಿಸಿದ. ಕಸಿದುಕೊಂಡರೆ ಎಂಬ ಭಯ.

ಇನ್‌ಸ್ಪೆಕ್ಟರ್ ಎದ್ದು ರಬ್ಬರ್ ಚೀಲವನ್ನು ಎತ್ತಿಕೊಂಡರು. ಒತ್ತಿ ನೋಡಿದರು. ಕೆನ್ನೆಗೆ ಇಟ್ಟು ನೋಡಿದರು.

“ಇದೇ ವಾಸಿ ಕಣಮ್ಮ,” ಅಂದರು. “ವಾಸನೆ ಇಲ್ಲ.”

“ಹೌದು, ಹೌದು,” ಅಂದರು ಇಬ್ಬರು ಸೊಂಟದವರು.

ಅತ್ತಿಗೆಗೆ ಬೈಗುಳ ಬಾಯಿಗೆ ಬಂದಿತ್ತು, ಬೈಯಿಸಿಕೊಳ್ಳುವವರೇ ಜಾಗ ಖಾಲಿ ಮಾಡಿದ ಹಾಗಾಯಿತು. ಆಮೇಲೆ ತಟ್ಟನೆ ಅವಳ ಮುಖ ಅರಳಿತು. “ಹಾಗಾದ್ರೆ ಒಳ್ಳೇದೇ ಆಯ್ತು! ಚೀಲ ನೀವು ಇಟ್ಕೊಳ್ಳಿ, ಬೇರೆ ಬೆಂಚಿನ ಮೇಲೆ ಹಾಕ್ಕೊಡ್ತೀನಿ, ದಿನಾ ಬೇಕಾದ್ರೂ ಕಾಯಿಸಿ ಕೊಡ್ತೀನಿ. ಈ ಬಾಗಿಲು ತೆಗೀರಿ. ಗುಡ್ಡೆ ನನಗೆ ಬಿಡಿ.”

ಎಲ್ಲರೂ ಇನ್‌ಸ್ಪೆಕ್ಟರ್ ಕಡೆ ನೋಡಿದರು. ಇನ್‌ಸ್ಪೆಕ್ಟರ್ ಮೈದುನನ ಕಡೆ ನೋಡಿದರು. ಮೈದುನ ಗಂಟಲು ಸರಿಮಾಡಿಕೊಂಡ.

“ಅದು ಆಗಲ್ಲ ಅತ್ತಿಗೆ. ಪತ್ರದಲ್ಲೂ ಅದೇ ಸಾಲು ಬಂದಿದೆ. ಇದ್ದ ಸ್ಥಿತಿಯಲ್ಲೇ. ಐದು ವರ್ಷ.”

“ಬರೆದದ್ದು ಬರೆದಾಯ್ತು ನೋಡಮ್ಮ,” ಅಂದರು ಇನ್‌ಸ್ಪೆಕ್ಟರ್, ಸಂಕೋಚದಿಂದಲೇ. “ಈಗ ತಿದ್ದೋಕೆ ಹೋದ್ರೆ ಯಾಕೆ ಬರೆದೆ ಅಂತ ನನ್ನ ಕೇಳ್ತಾರೆ.”

“ಅಂದ್ರೆ,” ಅಂದಳು ಅತ್ತಿಗೆ ನಿಧಾನವಾಗಿ, “ಈ ಗುಡ್ಡೆ ನಿಮಗೂ ಬೇಡ. ನನಗೂ ಇಲ್ಲ. ಸುಮ್ನೆ ಕೆಳಗೆ ಬಿದ್ದಿರ್ಬೇಕು. ಐದು ವರ್ಷ.”

ಅವಳು ಕಟಿಂಗ್ ಶಾಪಿನವನನ್ನು ಹುಡುಕಿದಳು. ಅವನು ಹುರುಳಿಕಾಯಿ ಬಳ್ಳಿಯ ಹಿಂದೆ ಇದ್ದ.

“ನೀನೇನು ಹೇಳ್ತೀಯೋ?”

“ಅತ್ತಿಗೆ,” ಅವನು ತಲೆ ಕೆರೆದುಕೊಂಡ, “ಐದು ವರ್ಷ ಸಿಕ್ತಲ್ಲ... ಹೋಗ್ಲಿ ಬಿಡಿ. ಕೂದಲು ಬೇಕಾದ್ರೆ ನಾನು ಬೇರೆ ಎಲ್ಲಾದ್ರೂ...”

“ಸರಿ,” ಅಂದಳು ಅತ್ತಿಗೆ.

ಅವಳು ಕೂಗಿದ್ದರೆ ಎಲ್ಲರಿಗೂ ನೆಮ್ಮದಿಯಾಗುತ್ತಿತ್ತು. ಕೂಗಲಿಲ್ಲ. ನಲ್ಲಿಯ ಹತ್ತಿರದ ಬಕೆಟ್ಟು ತಂದಳು. ಕಟ್ಟೆಯ ಪಕ್ಕದ ಹಲಗೆಯೊಂದನ್ನು ಕಾಲಲ್ಲಿ ಒದ್ದಳು, ಅದು ಕಳಚಿ ಬಿತ್ತು. ಒಳಗೆ ಕೈ ತೂರಿ, ಅಡಿಯಲ್ಲಿ ಹಣ್ಣಾಗಿ ಕಪ್ಪಗೆ ಪುಡಿಪುಡಿಯಾಗಿದ್ದ ಗೊಬ್ಬರವನ್ನು ಬಾಚಿ ಬಾಚಿ ಬಕೆಟ್ಟು ತುಂಬಿಸಿದಳು.

“ಇದೇನು ಮಾಡ್ತಿದ್ದೀರಿ ಅತ್ತಿಗೆ?”

“ಹೆಪ್ಪಿಗೆ,” ಅಂದಳು.

ಬಕೆಟ್ಟು ಎತ್ತಿಕೊಂಡು ಗೇಟಿನವರೆಗೆ ಹೋದಳು. ಮೈದುನನಿಗೆ ಆಗಲೂ ಸುಮ್ಮನಿರಲಾಗಲಿಲ್ಲ. “ಅತ್ತಿಗೆ, ಬಕೆಟ್ಟು ತೋಟದ್ದು!”

ಅತ್ತಿಗೆ ನಿಂತಳು. ಏಪ್ರನ್ನಿನ ಎರಡು ತುದಿಯನ್ನು ಎಡಗೈಯಲ್ಲಿ ಹಿಡಿದು ಮಡಿಲು ಮಾಡಿಕೊಂಡು, ಬಕೆಟ್ಟನ್ನು ಅದರೊಳಗೆ ಬಗ್ಗಿಸಿದಳು. ಬೆಳ್ಳಗಿದ್ದ ಏಪ್ರನ್ನು ಕರ್ರಗಾಯಿತು. ಖಾಲಿ ಬಕೆಟ್ಟನ್ನು, ‘ಬಕೆಟ್’ ಅನ್ನುವ ಚೀಟಿ ಎಲ್ಲರಿಗೂ ಕಾಣುವ ಹಾಗೆ, ಗೇಟಿನ ಪಕ್ಕ ಇಟ್ಟಳು. ಹೊರಗೆ ಹೋದಳು.

“ಅಣ್ಣ! ಅಣ್ಣ, ಕರೆಯೋ! ನೀನು ಹೇಳಿದ್ರೆ ಕೇಳ್ತಾರೆ!”

ಗಂಡ ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ. ಈಗ ತಮ್ಮನ ಕಡೆ ತಿರುಗಿ, ಮೊದಲು ಎಡಗಿವಿ ಕೊಟ್ಟ, ಆಮೇಲೆ ಬಲಗಿವಿ ಕೊಟ್ಟ.

“ಏನೋ ಹೇಳ್ತಿದ್ದೀಯ ಅನ್ಸುತ್ತೆ. ಕೇಳಿಸ್ತಿಲ್ಲ ಕಣೋ,” ಅಂದ. ಕಟ್ಟೆಯ ಪಕ್ಕ ನೆಟ್ಟಿದ್ದ ಸಲಿಕೆಯನ್ನು ಕಿತ್ತು ಹೆಗಲ ಮೇಲಿಟ್ಟುಕೊಂಡ. “ಇದು ನಮ್ಮ ಮನೇದು.”

ಅವನೂ ಹೋದ.

ಮಧ್ಯಾಹ್ನದ ಹೊತ್ತಿಗೆ ಬಂದುಬಿಡುತ್ತಾಳೆ ಅಂದುಕೊಂಡರು ಎಲ್ಲರೂ. ಭಾನುವಾರದ ಸಭೆಗೆ ಬರುತ್ತಾಳೆ, ಬೈಯುವುದಕ್ಕಾದರೂ ಬರುತ್ತಾಳೆ ಅಂದುಕೊಂಡರು. ಆಸ್ಪತ್ರೆಯ ಬಾಯ್ಲರ್ ಕೋಣೆಯ ಹಿಂದೆ ಏನೋ ಆವಿಯಾಡುತ್ತಿದೆ ಅಂತ ಡಾಕ್ಟ್ರಮ್ಮ ಒಂದು ದಿನ ಸುದ್ದಿ ತಂದಳು. ಕಟಿಂಗ್ ಶಾಪಿನವನು ಚೀಲ ಹೊತ್ತುಕೊಂಡು ಆ ಕಡೆ ಹೋಗುವುದನ್ನು ಕಂಡವರಿದ್ದಾರೆ. ತೋಟದಲ್ಲಿ ಮೈದುನ ಈಗ ಶುಕ್ರವಾರ ಶುಕ್ರವಾರ ತಾನೇ ನೀರು ಕಾಯಿಸುತ್ತಾನೆ. ಎರಡು ಸಲ ಕೈ ಸುಟ್ಟುಕೊಂಡಿದ್ದಾನೆ. ಯಾರು ಯಾವತ್ತು ಗಿಡಕ್ಕೆ ನೀರು ಹಾಕಬೇಕು ಅನ್ನುವ ಪಟ್ಟಿಯನ್ನು ಪ್ರತಿ ಭಾನುವಾರ ಬರೆದು ಗೇಟಿಗೆ ಅಂಟಿಸುವುದು ತಪ್ಪಿಲ್ಲ. ಅದರಲ್ಲಿ ಮೊದಲನೇ ಹೆಸರು ಇವತ್ತಿಗೂ ಅತ್ತಿಗೆಯದೇ. ಅದರ ಮುಂದೆ ‘ರಜೆ’ ಅಂತ ಬರೆಯುತ್ತಾನೆ.